ಉತ್ತರಕ್ಕೆ ಬಿಟ್ಟ ಜಾಗ

ಬೆಳಿಗ್ಗೆ ಎಂಟು ಗಂಟೆ ಹದಿನೇಳು ನಿಮಿಷಕ್ಕೆ ಮೂಲೆ ಅಕ್ಕ ಒಂದು ಕಾಲುಚೀಲವನ್ನು ನೋಡುತ್ತಿದ್ದಳು. ಕುಳಿತಿದ್ದದ್ದು ಮೂರು ವರ್ಷದ ಮಗುವಿನ ಅಳತೆಗೆ ಮಾಡಿದ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಮೊಣಕಾಲು ಹೆಚ್ಚುಕಡಿಮೆ ಗಲ್ಲಕ್ಕೆ ಬಂದಿತ್ತು. ಕಾಲುಚೀಲ ಹತ್ತು ತಿಂಗಳ ಗಂಡುಮಗುವೊಂದರದು. ಅವನು ಅದನ್ನು ಎಳೆದು ತೆಗೆದು, ಬಾಯಿಗೆ ಹಾಕಿ, ಹೊರಗೆ ತೆಗೆದು, ಮತ್ತೆ ಕಾಲಿನ ಮೇಲೆ ಇಟ್ಟು, ಅದು ಯಾಕೆ ತಾನಾಗಿ ಒಳಗೆ ಹೋಗುತ್ತಿಲ್ಲ ಎಂದು ಹುಬ್ಬು ಗಂಟಿಕ್ಕಿ ಕುಳಿತಿದ್ದ. ಆ ಹುಬ್ಬಿನ ದೆಸೆಯಿಂದಲೇ ಅವನಿಗೆ ಆ ಕೋಣೆಯಲ್ಲಿ ಜಡ್ಜ್ ಸಾಹೇಬರು ಎಂದು ಹೆಸರು ಬಿದ್ದಿತ್ತು.

ಮೂಲೆ ಅಕ್ಕ ಎಂಬುದೂ ಅಲ್ಲೇ ಬಿದ್ದ ಹೆಸರು. ಕಾರ್ಖಾನೆಗಳ ಸಾಲಿಗೆ ಅಂಟಿಕೊಂಡ ಆ ಶಿಶುಪಾಲನಾ ಕೇಂದ್ರಕ್ಕೆ ಅವಳು ಬಂದರೆ, ಚಪ್ಪಲಿ ಬಿಟ್ಟು, ಕೈ ತೊಳೆದು, ಕಿಟಕಿಯೂ ಬಾಗಿಲೂ ಅಡ್ಡ ಬರದ ಮೂಲೆಯನ್ನು ಹುಡುಕಿ ಕೂರುತ್ತಿದ್ದಳು. ಮಕ್ಕಳನ್ನು ಎತ್ತುವುದಿಲ್ಲ, ಆಡಿಸುವುದಿಲ್ಲ, ಆಯಾಗಳಿಗೆ ಬುದ್ಧಿ ಹೇಳುವುದಿಲ್ಲ. ಮೊದಲ ಮೂರು ದಿನ ಏನನ್ನೂ ಬರೆದುಕೊಳ್ಳುವುದೂ ಇಲ್ಲ. ಸುಮ್ಮನೆ ಕೂರುವುದು. ನಾಲ್ಕನೆಯ ದಿನದ ಹೊತ್ತಿಗೆ ಆಯಾಗಳು ಅವಳೆದುರಿಗೇ ಗಂಡಂದಿರನ್ನು ಬಯ್ಯಲು ಶುರು ಮಾಡುತ್ತಿದ್ದರು. ಆಗ ಅವಳು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಳು.

ಈ ಉಪಾಯ ಅವಳಿಗೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ಸಿಕ್ಕಿದ್ದು. ಹಾಸ್ಟೆಲಿನ ಸೂರಿನಲ್ಲಿ ಗೂಡು ಕಟ್ಟಿದ್ದ ಹಕ್ಕಿಯೊಂದು ಮರಿಗಳಿಗೆ ಎಷ್ಟು ಸಲ ಉಣಿಸುತ್ತದೆ ಎಂದು ಲೆಕ್ಕ ಹಾಕಲು ಹೋದಾಗ, ಮೊದಲ ದಿನ ಅದು ಉಣಿಸಲೇ ಇಲ್ಲ. ಇವಳನ್ನೇ ನೋಡುತ್ತ ಕುಳಿತಿತ್ತು. ನೋಡುವವರು ಇದ್ದರೆ ಹಕ್ಕಿಯೂ ಬೇರೆಯಾಗುತ್ತದೆ ಎಂಬುದು ಅವಳು ಪರೀಕ್ಷೆಗೆ ಬರೆಯದೆ ಕಲಿತ ಪಾಠ. ಆಮೇಲೆ ಮದುವೆ, ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಹತ್ತು ವರ್ಷದ ನೌಕರಿ, ಪ್ರಯೋಗಾಲಯ ಮುಚ್ಚಿದ ಮೇಲೆ ಈ ಕೆಲಸ. "ನೀರಿಗಿಂತ ಇದು ವಾಸಿ. ನೀರು ತಿರುಗಿ ನೋಡೋದಿಲ್ಲ" ಎನ್ನುತ್ತಿದ್ದಳು.

ಕೆಲಸ ಇಷ್ಟೇ. ಊರಿನಲ್ಲಿ ಇಂಥ ಕೋಣೆಗಳನ್ನು ನಡೆಸುವ ಸಂಸ್ಥೆ ಒಂದಿತ್ತು. ಅದು ವರ್ಷಕ್ಕೊಮ್ಮೆ ಎಲ್ಲ ಆಯಾಗಳನ್ನೂ ದೊಡ್ಡ ಹಾಲಿಗೆ ಕರೆಸಿ, ಎರಡು ದಿನ ಭಾಷಣ ಕೇಳಿಸಿ, ಸರ್ಟಿಫಿಕೇಟು ಕೊಟ್ಟು, ಗುಂಪು ಫೋಟೊ ತೆಗೆಸಿ ಕಳಿಸುತ್ತಿತ್ತು. ಈ ಸಲ ನಾಲ್ಕು ಕೋಣೆಗಳಲ್ಲಿ ಬೇರೆ ದಾರಿ ಹಿಡಿದಿದ್ದರು. ಆಯಾಗಳು ಹಾಲಿಗೆ ಹೋಗುವ ಬದಲು ತರಬೇತಿಯೇ ಕೋಣೆಗೆ ಬರುವುದು. ಎಂಟು ವಾರ, ವಾರಕ್ಕೊಂದು ಬೆಳಿಗ್ಗೆ, ತರಬೇತಿ ಕೊಡುವವಳು ಅವರ ಜೊತೆ ನೆಲದ ಮೇಲೆ ಕುಳಿತು, ಅವರ ಜೊತೆಗೇ ಡೈಪರ್ ಬದಲಿಸುತ್ತ, ಬಾಯಿ ಒರೆಸುತ್ತ, ಅಲ್ಲಲ್ಲೇ ಹೇಳಿಕೊಡುವುದು. ಅದರಿಂದ ಏನಾದರೂ ಬದಲಾಯಿತೇ ಎಂದು ನೋಡುವುದು ಮೂಲೆ ಅಕ್ಕನ ಪಾಲಿಗೆ ಬಂದಿತ್ತು. ಬದಲಾಗಿದ್ದರೆ ಎಲ್ಲ ಕೋಣೆಗಳಿಗೂ ಅದೇ ತರಬೇತಿ. ಇಲ್ಲವಾದರೆ ಮತ್ತೆ ಅದೇ ದೊಡ್ಡ ಹಾಲ್, ಭಾಷಣ, ಫೋಟೊ. ತರಬೇತಿ ಕೊಡುವವಳು ಮನೆಗೆ.

ತರಬೇತಿ ಕೊಡುವವಳನ್ನು ಎಲ್ಲರೂ ನೆಲದ ಮೇಡಂ ಎನ್ನುತ್ತಿದ್ದರು. ಕುರ್ಚಿ ಕೊಟ್ಟರೂ ಕೂರದವಳು. ಶಾಲೆಯೊಂದರ ಖಾಯಂ ಕೆಲಸ ಬಿಟ್ಟು ಇದಕ್ಕೆ ಬಂದಿದ್ದಳು. ಬಿಟ್ಟ ದಿನದಿಂದ ಅವಳ ಅಣ್ಣ ಅವಳೊಂದಿಗೆ ನೆಟ್ಟಗೆ ಮಾತಾಡಿರಲಿಲ್ಲ. ಅವಳಿಗೆ ಮೂಲೆ ಅಕ್ಕ ಎಂದರೆ ಪ್ರೀತಿ, ಜೊತೆಗೆ ಸ್ವಲ್ಪ ಹೆದರಿಕೆ.

ಆ ದಿನ ಕೊನೆಯ ದಿನದ ವೀಕ್ಷಣೆ. ಶಿಶುಗಳ ಕೋಣೆಯ ದೊಡ್ಡ ಆಯಾ, ಗುಡುಗಮ್ಮ, ಜಡ್ಜ್ ಸಾಹೇಬರ ಡೈಪರ್ ಬದಲಿಸಲು ಬಂದಳು. ಗುಡುಗಮ್ಮ ಹೆಸರಿಗೆ ತಕ್ಕ ಹೆಂಗಸು. ತರಬೇತಿಗೆ ಮುಂಚೆ ಅವಳು ಬಾಯಿ ತೆರೆದರೆ ಪಕ್ಕದ ಕಾರ್ಖಾನೆಯ ಕಾವಲುಗಾರನಿಗೂ ಕೇಳುತ್ತಿತ್ತು: "ಬಾ ರಾಜ ಬಾರೋ ಕಳ್ಳ ಏನ್ ಮಾಡ್ಕೊಂಡಿದೀಯ ಅಯ್ಯಯ್ಯೋ ಎತ್ತಲಾ ಎತ್ತಿಬಿಟ್ಟೆ ನೋಡು ಮಲಗು ಒದೀಬೇಡ ಆಯ್ತು ಮುಗೀತು ಹೋಗು." ಮಾತು ಶುರುವಾಗಿ ಮುಗಿಯುವುದರೊಳಗೆ ಮಗುವಿಗೆ ಹೊಸ ಡೈಪರ್ ಬಂದಿರುತ್ತಿತ್ತು, ಏನಾಯಿತು ಎಂದು ಮಾತ್ರ ಅದಕ್ಕೆ ಗೊತ್ತಾಗಿರುತ್ತಿರಲಿಲ್ಲ.

ಈಗ ಅವಳು, "ಎತ್ತಲಾ?" ಎಂದು ನಿಂತಳು. ನಿಂತೇ ಇದ್ದಳು. ಮೂಲೆ ಅಕ್ಕನ ಫಾರಂ ಆಯಾ ಮಗುವಿಗೆ ಹತ್ತು ನಿಮಿಷದಲ್ಲಿ ಎಷ್ಟು ಮಾತು ಆಡುತ್ತಾಳೆ ಎಂದು ಮಾತ್ರ ಕೇಳುತ್ತಿತ್ತು. ಹೆಚ್ಚು ಮಾತಾಡಿದಷ್ಟೂ ಮಗುವಿಗೆ ಒಳ್ಳೆಯದು ಎಂಬ ನಂಬಿಕೆಯ ಮೇಲೆ ಯಾರೋ ಬಲ್ಲವರು ಮಾಡಿಕೊಟ್ಟ ಫಾರಂ. ಅವಳು ಒಂದು ಗೆರೆ ಎಳೆದಳು. ಮುಂದಿನ ಗೆರೆ ಎಳೆಯಲು ಕಾದಳು.

ಮಧ್ಯಾಹ್ನ ಆಫೀಸಿನಲ್ಲಿ ನಾಲ್ಕೂ ಕೋಣೆಗಳ ಗೆರೆ ಕೂಡಿದಾಗ ಅವಳ ಕೈ ನಿಂತಿತು. ತರಬೇತಿಗೆ ಮುಂಚೆ ಹತ್ತು ನಿಮಿಷಕ್ಕೆ ನಲವತ್ತೊಂದು ಮಾತು. ತರಬೇತಿಯ ನಂತರ ಇಪ್ಪತ್ತೇಳು. ಇನ್ನೊಮ್ಮೆ ಕೂಡಿದಳು. ಇಪ್ಪತ್ತೇಳೇ.

ಎಂಟು ವಾರ ಹೇಳಿಕೊಟ್ಟದ್ದರ ಫಲವಾಗಿ ಆಯಾಗಳು ಮಕ್ಕಳ ಜೊತೆ ಮಾತು ಕಡಿಮೆ ಮಾಡಿದ್ದರು. ಕಾಗದ ಹೇಳುತ್ತಿದ್ದದ್ದು ಅಷ್ಟೇ. ಅವಳಿಗೆ ಮೊದಲು ನೆಲದ ಮೇಡಂ ಮುಖ ನೆನಪಾಯಿತು. ಅದರ ಹಿಂದೆಯೇ ಒಂದು ಪ್ರಶ್ನೆ ಬಂತು. ಅಂಥದು ಬಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಕಡಿಮೆಯಾದದ್ದು ಯಾಕೆ?

*

ಮನೆಯಲ್ಲಿ ಅತ್ತೆ ಹಜಾರದ ಕುರ್ಚಿಯಲ್ಲಿ ಕುಳಿತು ಸೊಸೆ ಬಂದ ರೀತಿಯನ್ನೇ ನೋಡಿದರು. ಎಪ್ಪತ್ತೆಂಟರ ಅವರ ಕಿವಿ ಕೊಂಚ ಮಂದವಾಗಿದ್ದರೂ ಕಣ್ಣು ಚುರುಕಾಗಿತ್ತು.

"ಏನಮ್ಮಾ, ಇವತ್ತು ಯಾವ ಮಗು ಕಡಿಮೆ ಅತ್ತಿತು?"

"ಮಗು ಅಲ್ಲ ಅತ್ತೆ. ಆಯಾಗಳು ಕಡಿಮೆ ಮಾತಾಡಿದ್ರು."

"ಅದು ಒಳ್ಳೇದೇ ಅಲ್ವಾ? ನನ್ನ ಸೊಸೆಗೂ ಆ ತರಬೇತಿ ಕೊಡಿಸಬಹುದಿತ್ತು."

ಒಳಗಿನಿಂದ ಗಂಡ ನಕ್ಕದ್ದು ಕೇಳಿಸಿತು. ಅವನು ಕನ್ನಡಕದ ಅಂಗಡಿಯವನು. ದಿನವಿಡೀ ಜನರಿಗೆ ಅಕ್ಷರದ ಚಾರ್ಟ್ ತೋರಿಸಿ, ಇದು ಚೆನ್ನಾಗಿ ಕಾಣುತ್ತಾ ಅದು ಚೆನ್ನಾಗಿ ಕಾಣುತ್ತಾ ಎಂದು ಕೇಳುವುದು ಅವನ ಕೆಲಸ. ಊಟಕ್ಕೆ ಕುಳಿತಾಗ ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತ ಎಲ್ಲ ಹೇಳಿದಳು. ಅವನು ಪೂರಾ ಕೇಳಿ, ನೀರು ಕುಡಿದು, ತನ್ನ ಅಂಗಡಿಯ ಕಥೆ ತೆಗೆದ. ಅದು ಅವನ ಅಭ್ಯಾಸ.

"ನಿನ್ನೆ ಒಬ್ಬರು ಬಂದಿದ್ರು. ಚಾರ್ಟ್‌ನ ಕೊನೇ ಸಾಲಿನ ತನಕ ಪಟಪಟ ಓದಿದ್ರು. ನನಗೆ ಖುಷಿ. ಆಮೇಲೆ ಬಿಲ್ಲನ್ನ ತಲೆಕೆಳಗಾಗಿ ಹಿಡ್ಕೊಂಡು ನೋಡ್ತಾ ಇದಾರೆ! ಸರದಿಯಲ್ಲಿ ಕೂತಿದ್ದಾಗ ಮುಂದಿನವರು ಓದಿದ್ದನ್ನ ಬಾಯಿಪಾಠ ಮಾಡಿದ್ರಂತೆ."

"ಅದಕ್ಕೆ ಏನ್ ಮಾಡಿದೆ?"

"ಚಾರ್ಟ್ ಬದಲಾಯಿಸಿದೆ. ಮತ್ತೇನು?"

"ಬದಲಾಯಿಸೋ ಮುಂಚೆ ಅವರಿಗೆ ಯಾವ ನಂಬರ್ ಬರುತ್ತೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿದ್ದಿದ್ರೆ ಚಾರ್ಟ್ ಯಾಕೆ ಬೇಕಿತ್ತು ಮಾರಾಯ್ತಿ?"

ಅವಳು ಒಂದು ತುತ್ತು ತಿಂದಳು. "ಅದೇ," ಎಂದಳು. ಯಾವುದು ಅದೇ ಎಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಇಂಥ "ಅದೇ"ಗಳು ಬೇಕಾದಷ್ಟು ಆಗಿದ್ದವು.

*

ಮರುದಿನ ಅವಳು ರಜೆ ಹಾಕಿ ಅದೇ ಕೇಂದ್ರಕ್ಕೆ ಹೋದಳು. ಕೈಯಲ್ಲಿ ಫಾರಂ ಇರಲಿಲ್ಲ, ಪೆನ್ನೂ ಇರಲಿಲ್ಲ. ಗುಡುಗಮ್ಮ ಬಾಗಿಲಲ್ಲೇ ತಡೆದಳು.

"ಏನ್ ಮೂಲೆ ಅಕ್ಕ, ನಿನ್ನೆಗೇ ಮುಗೀತು ಅಂದ್ರಿ? ನಾವೇನು ಫೇಲಾ?"

"ಗೊತ್ತಿಲ್ಲ. ನೋಡೋಕೆ ಬಂದೆ."

"ನೋಡಿ ನೋಡಿ. ನಾವಂತೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀವಿ. ನಮ್ಮನೇಲಿ ನಮ್ಮ ಯಜಮಾನ್ರು ಮೈ ಹುಷಾರಿಲ್ವಾ ಅಂತ ಕೇಳ್ತಾರೆ!"

ಅವಳು ಆ ಕೆಂಪು ಕುರ್ಚಿಯಲ್ಲಿ ಕುಳಿತಳು. ಈ ಸಲ ಆಯಾಗಳನ್ನು ಬಿಟ್ಟು ಮಕ್ಕಳನ್ನು ನೋಡಿದಳು. ಗುಡುಗಮ್ಮ ಜಡ್ಜ್ ಸಾಹೇಬರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈ ಮುಂದೆ ಚಾಚಿ, "ಎತ್ತಲಾ?" ಎಂದಳು. ಮಗು ಕೈಗಳನ್ನು ನೋಡಿತು. ಮುಖವನ್ನು ನೋಡಿತು. ಮತ್ತೆ ಕೈಗಳನ್ನು ನೋಡಿತು. ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತ ಕುಯ್ಯೋ ಎಂದಿತು. ಮಗು ಅದನ್ನೂ ವಿಚಾರಿಸಿಕೊಂಡು ಮರಳಿ ಬಂತು. ಗುಡುಗಮ್ಮನ ತುಟಿ ಅದುರುತ್ತಿತ್ತು. ಮಾತು ಒಳಗೆ ಕುದಿಯುತ್ತಿತ್ತು.

"ಸಾಹೇಬರು ಇನ್ನೂ ತೀರ್ಪು ಕೊಟ್ಟಿಲ್ಲ," ಎಂದು ಪಕ್ಕದ ಆಯಾ ಪಿಸುಗುಟ್ಟಿದಳು.

"ಶ್ಶ್!"

ಮಗು ಎರಡೂ ತೋಳು ಮೇಲಕ್ಕೆತ್ತಿತು.

ಗುಡುಗಮ್ಮ ಎತ್ತಿಕೊಂಡಳು. ಮೂಲೆ ಅಕ್ಕ ಕುರ್ಚಿಯಿಂದ ಅರ್ಧ ಎದ್ದಿದ್ದಳು; ಯಾವಾಗ ಎದ್ದಳೋ ಅವಳಿಗೇ ಗೊತ್ತಿರಲಿಲ್ಲ. ಮುಂಚೆ ಈ ಮಗುವನ್ನು ಎಷ್ಟು ಸಲ ಎತ್ತಿದ್ದನ್ನು ಅವಳು ನೋಡಿದ್ದಳು! ಒಮ್ಮೆಯೂ ಅದು ಕೈ ಎತ್ತಿರಲಿಲ್ಲ. ಎತ್ತಲು ಹೊತ್ತು ಎಲ್ಲಿತ್ತು? ಮಾತುಗಳ ನಡುವೆ ಒಂದು ಮಗು ನುಸುಳುವಷ್ಟು ಸಂದು ಇರಲಿಲ್ಲ. ಮಾತು ಕಡಿಮೆಯಾದದ್ದು ಆ ಸಂದು ಬಿಟ್ಟದ್ದರಿಂದ. ಅವಳ ಫಾರಂ ಮಾತನ್ನು ಎಣಿಸಿತ್ತು, ಸಂದನ್ನು ಎಣಿಸಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಆಗತಾನೇ ನಡೆಯಲು ಕಲಿತ ಮಕ್ಕಳಿದ್ದವು. ಅಲ್ಲಿಂದ "ಐದು!" ಎಂದು ಕೂಗು ಕೇಳಿಸಿ ಅವಳು ಹೋಗಿ ನೋಡಿದಳು. ಅಲ್ಲಿನ ಆಯಾ ಒಂದು ಹುಡುಗಿಯ ಮುಂದೆ ಒದ್ದೆ ಬಟ್ಟೆ ಹಿಡಿದು, "ಮೂಗು ಒರೆಸಲಾ?" ಎಂದು ಕೇಳಿ, "ಒಂದು, ಎರಡು, ಮೂರು, ನಾಲ್ಕು..." ಎಂದು ಗಟ್ಟಿಯಾಗಿ ಎಣಿಸುತ್ತಿದ್ದಳು. "ಐದು!" ಎಂದು ಆ ಮಗುವೂ, ಸುತ್ತ ನಿಂತಿದ್ದ ಇನ್ನು ಮೂರು ಮಕ್ಕಳೂ ಒಟ್ಟಿಗೆ ಅರಚಿ, ನಾಲ್ಕೂ ಮೂಗು ಮುಂದೆ ಚಾಚಿದವು.

"ಇದೇನಮ್ಮಾ?"

"ನೆಲದ ಮೇಡಂ ಹೇಳಿದ್ರಲ್ಲಾ, ಕೇಳಿದ ಮೇಲೆ ಐದರ ತನಕ ಎಣಿಸಿ ಕಾಯಿ ಅಂತ."

"ಮನಸ್ಸಲ್ಲಿ ಎಣಿಸೋಕೆ ಹೇಳಿದ್ದಲ್ವಾ?"

ಆಯಾ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ! ಅದಕ್ಕೇ ಇವು ಮನೇಲೂ ಅಪ್ಪ ಅಮ್ಮ ಏನಾದ್ರೂ ಕೇಳಿದ್ರೆ ಐದು, ಐದು ಅಂತಾವಂತೆ. ನಿನ್ನೆ ಒಬ್ಬರು ತಾಯಿ ಜಗಳಕ್ಕೇ ಬಂದಿದ್ರು."

ಮೂಲೆ ಅಕ್ಕ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಒಂದು ಎರಡು ಮೂರನ್ನೆಲ್ಲ ಅವಳ ಫಾರಂ ಮಾತೆಂದೇ ನುಂಗಿತ್ತು ಎಂದು ಹೊಳೆದಾಗ ನಗು ನಿಂತಿತು. ಅದನ್ನು ಕಳೆದರೆ ಇಪ್ಪತ್ತೇಳೂ ಉಳಿಯುವುದಿಲ್ಲ.

*

ನೆಲದ ಮೇಡಂ ಆಫೀಸಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ನಂಬರು ಅಷ್ಟು ಹೊತ್ತಿಗೆ ಅವಳ ಕಿವಿಗೂ ಬಿದ್ದಿತ್ತು. ಮೂಲೆ ಅಕ್ಕ ತಾನು ಕಂಡದ್ದನ್ನು ಹೇಳುತ್ತಿದ್ದಂತೆ ಅವಳ ಮುಖ ಅರಳುತ್ತ ಹೋಯಿತು.

"ಹಾಗಾದ್ರೆ ಅದನ್ನೇ ಬರೀರಿ ಅಕ್ಕ! ಮಾತು ಕಡಿಮೆ ಆಯ್ತು, ಮಕ್ಕಳ ಉತ್ತರ ಜಾಸ್ತಿ ಆಯ್ತು ಅಂತ. ನಾನು ಹೇಳಿಕೊಟ್ಟಿದ್ದೇ ಅದು."

"ಬರೆಯೋಕಾಗಲ್ಲ."

"ಯಾಕೆ? ಕಣ್ಣಾರೆ ನೋಡಿದೀರಲ್ಲಾ!"

"ನೋಡಿದ್ದು ಒಂದು ಬೆಳಿಗ್ಗೆ, ಒಂದು ಮಗು. ಅದೂ ನಿನ್ನ ಕೆಲಸ ಉಳೀಲಿ ಅಂತ ಮನಸ್ಸಲ್ಲಿ ಇಟ್ಕೊಂಡು ನೋಡಿದ್ದು. ಮಾತು ಎಣಿಸ್ತೀನಿ ಅಂತ ಮೊದಲೇ ಹೇಳಿ, ಲೆಕ್ಕ ತಪ್ಪಿದ ಮೇಲೆ ಇಲ್ಲ ಇಲ್ಲ ಉತ್ತರ ಎಣಿಸೋಣ ಅಂದ್ರೆ, ನಾಳೆ ಅದೂ ಬರದಿದ್ರೆ ಇನ್ನೇನೋ ಎಣಿಸೋಣ ಅಂತೀನಿ. ಅದಕ್ಕೆ ಕೊನೆ ಎಲ್ಲಿ?"

ನೆಲದ ಮೇಡಂ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಕ್ಕ, ನಾನು ಶಾಲೆಗೆ ವಾಪಸ್ ಹೋಗೋಕಾಗಲ್ಲ. ಆ ಜಾಗಕ್ಕೆ ಬೇರೆಯವರು ಬಂದಾಯ್ತು."

"ಗೊತ್ತು ಕಣೇ."

"ಗೊತ್ತಿದ್ದೂ..."

ಮೂಲೆ ಅಕ್ಕ ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಸಮಾಧಾನದ ಮಾತು ಅವಳಿಗೆ ಸಲೀಸಾಗಿ ಬರುವುದಿಲ್ಲ. "ಇನ್ನೊಂದು ಸಲ ನೋಡೋಣ, ಸರಿಯಾಗಿ" ಎಂದಳು. ನೆಲದ ಮೇಡಂ ಆ ಮಾತಿನಲ್ಲಿ ಸಮಾಧಾನ ಇದೆಯೇ ಎಂದು ಹುಡುಕಿ, ಸಿಕ್ಕಿದ್ದಷ್ಟನ್ನು ತೆಗೆದುಕೊಂಡಳು.

*

ಸಂಸ್ಥೆಯ ನಿರ್ದೇಶಕರು ಕೆಟ್ಟವರಲ್ಲ, ಅವಸರದವರು. ಸಭೆಯಲ್ಲಿ ಕುಳಿತರೆ ಅವರ ಒಂದು ಕಾಲು ಮೇಜಿನ ಕೆಳಗೆ ಹೊರಗೆ ಹೋಗಲು ಸಿದ್ಧವಾಗಿ ಕುಣಿಯುತ್ತಿರುತ್ತಿತ್ತು. ವರದಿಯ ಮೊದಲ ಪುಟ ನೋಡಿ, "ನಲವತ್ತೊಂದರಿಂದ ಇಪ್ಪತ್ತೇಳು. ಅಂದ್ರೆ ಇಳಿದಿದೆ. ಅಲ್ವಾ?" ಎಂದರು.

"ಇಳಿದಿದೆ ಸರ್. ಹಾಗಂತಲೇ ಬರೆದಿದೀನಿ."

"ಮುಗೀತಲ್ಲ ಹಾಗಾದ್ರೆ."

"ಪ್ರಶ್ನೆ ತಪ್ಪು ಅಂತ ಎರಡನೇ ಪುಟದಲ್ಲಿ ಬರೆದಿದೀನಿ ಸರ್. ನಾವು ಆಯಾಗಳ ಮಾತು ಎಣಿಸಿದ್ವಿ. ಆಯಾ ಏನಾದ್ರೂ ಕೇಳಿದ ಮೇಲೆ ಮಗುವಿಗೆ ಉತ್ತರ ಕೊಡೋಕೆ ಜಾಗ ಬಿಡ್ತಾಳಾ, ಮಗು ಉತ್ತರ ಕೊಡುತ್ತಾ ಅನ್ನೋದನ್ನ ಎಣಿಸಬೇಕಿತ್ತು. ಕೈ ಎತ್ತೋದು, ತಲೆ ತಿರುಗಿಸೋದು, ಒಂದು ಸದ್ದು, ಏನಾದರೂ ಸರಿ."

ನಿರ್ದೇಶಕರ ಕಾಲು ನಿಂತಿತು. ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮಗೆ ಬೇಕಾದ ಉತ್ತರ ಸಿಗೋ ತನಕ ಪ್ರಶ್ನೆ ಬದಲಾಯಿಸ್ತಾ ಹೋಗ್ತೀರಾ?"

ಮೂಲೆ ಅಕ್ಕನಿಗೆ ಅವಮಾನವಾಗಬೇಕಿತ್ತು, ಆಗಿದ್ದು ಸಂತೋಷ. ಎರಡು ದಿನದಿಂದ ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯನ್ನು ಕೊನೆಗೂ ಒಬ್ಬರು ಬಾಯಿ ಬಿಟ್ಟು ಕೇಳಿದ್ದರು.

"ಅದಕ್ಕೇ ಸರ್, ಈ ಕೋಣೆಗಳನ್ನ ಬಿಟ್ಟುಬಿಡೋಣ. ತರಬೇತಿ ಆಗದೇ ಇರೋ ಎಂಟು ಕೋಣೆ ಕೊಡಿ. ಚೀಟಿ ಎತ್ತಿ ನಾಲ್ಕರಲ್ಲಿ ತರಬೇತಿ ಮಾಡಿಸಿ, ನಾಲ್ಕನ್ನ ಹಾಗೇ ಬಿಡಿ. ಎಂಟು ವಾರ ಆದ ಮೇಲೆ ಎಣಿಸೋದು ನಾನಲ್ಲ. ನನಗೆ ಯಾವುದು ಬೇಕು ಅಂತ ನನಗೇ ಗೊತ್ತಿದೆ, ಹಾಗಾಗಿ ನನ್ನ ಕಣ್ಣು ಬೇಡ. ಯಾವ ಕೋಣೆಯಲ್ಲಿ ತರಬೇತಿ ಆಗಿದೆ ಅಂತ ಗೊತ್ತಿಲ್ಲದವರು ಕೂತು ಎಣಿಸಲಿ."

"ಎಷ್ಟು ಬಂದ್ರೆ ಪಾಸು?"

"ಒಂದೊಂದು ಕೋಣೆಯಲ್ಲೂ ನೂರು ಪ್ರಶ್ನೆ. ತರಬೇತಿ ಆದ ಕೋಣೆಗಳಲ್ಲಿ ಸರಾಸರಿ ಮೂವತ್ತಕ್ಕೆ ಮಗುವಿನ ಉತ್ತರ ಸಿಗಬೇಕು."

"ಇಪ್ಪತ್ತೊಂಬತ್ತು ಬಂದ್ರೆ?"

ಅಲ್ಲೇ ಸಭೆಯಲ್ಲಿದ್ದ ನೆಲದ ಮೇಡಂ ತಲೆ ಎತ್ತಿದಳು.

"ಇಪ್ಪತ್ತೊಂಬತ್ತು ಬಂದ್ರೆ ಇದು ಕೆಲಸ ಮಾಡಲ್ಲ, ನಿಲ್ಲಿಸಿ ಅಂತ ನಾನೇ ಸಹಿ ಹಾಕಿ ಕೊಡ್ತೀನಿ."

ಹೊರಗೆ ಕಾರಿಡಾರಿನಲ್ಲಿ ನೆಲದ ಮೇಡಂ ಅವಳ ತೋಳು ಹಿಡಿದು ನಿಲ್ಲಿಸಿದಳು. "ಮೂವತ್ತು ಯಾಕೆ ಅಂದ್ರಿ? ಇಪ್ಪತ್ತು ಅನ್ನಬಾರದಿತ್ತಾ? ನಿಮ್ಮ ಗಂಟೇನು ಹೋಗ್ತಿತ್ತು?"

"ಇಪ್ಪತ್ತು ಬಂದ್ರೆ ನೀನೇ ನಂಬ್ತೀಯಾ, ಕೆಲಸ ಆಯ್ತು ಅಂತ?"

ನೆಲದ ಮೇಡಂ ಹಿಡಿದ ತೋಳನ್ನು ಬಿಡಲಿಲ್ಲ. ಇಬ್ಬರೂ ಹಾಗೇ ಮೆಟ್ಟಿಲು ಇಳಿದರು.

*

ಎಣಿಸಲು ಸಿಕ್ಕವರು ಆಸ್ಪತ್ರೆಯಿಂದ ನಿವೃತ್ತರಾದ ಒಬ್ಬರು ನರ್ಸಮ್ಮ. ಸಾವಿರಾರು ಮಕ್ಕಳಿಗೆ ಸೂಜಿ ಚುಚ್ಚಿದ ಕೈ; ಮುಖದಲ್ಲಿ ಏನನ್ನೂ ತೋರಿಸದ ಅಭ್ಯಾಸ. ಮೂಲೆ ಅಕ್ಕ ಅವರನ್ನು ಎರಡು ದಿನ ಜಡ್ಜ್ ಸಾಹೇಬರ ಕೋಣೆಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡು, ಯಾವುದು ಉತ್ತರ, ಯಾವುದು ಅಲ್ಲ ಎಂದು ಒಪ್ಪಂದ ಮಾಡಿಕೊಂಡಳು. ಜಗಳವೂ ಆಯಿತು.

"ಅದು ಆಕಳಿಸಿದ್ದು. ಉತ್ತರ ಹೇಗಾಗುತ್ತೆ?" ಎಂದರು ನರ್ಸಮ್ಮ.

"ಆಯಾ ಮುಖ ನೋಡ್ಕೊಂಡು ಆಕಳಿಸ್ತಲ್ಲಾ."

"ನನ್ನ ಮುಖ ನೋಡ್ಕೊಂಡು ನಮ್ಮ ಮನೆಯವರೂ ಆಕಳಿಸ್ತಾರೆ. ಅದನ್ನ ಉತ್ತರ ಅಂತೀರಾ?"

ಆಕಳಿಕೆ ಲೆಕ್ಕಕ್ಕಿಲ್ಲ ಎಂದು ಬರೆದುಕೊಂಡರು. ಬೇರೆ ಬೇರೆ ಕುಳಿತು ಎಣಿಸಿದಾಗ ಇಬ್ಬರ ಗೆರೆಗಳೂ ಹೆಚ್ಚುಕಡಿಮೆ ಸರಿಹೊಂದುವವರೆಗೆ ಬಿಡಲಿಲ್ಲ. ಆಮೇಲೆ ಮೂಲೆ ಅಕ್ಕ ಪಕ್ಕಕ್ಕೆ ಸರಿದಳು.

ಆ ಎಂಟು ವಾರ ಅವಳ ಜೀವನದಲ್ಲಿ ವಿಚಿತ್ರವಾದ ಕಾಲ. ನೋಡುವುದೇ ಕಸುಬಾದವಳಿಗೆ ನೋಡಬಾರದ ಶಿಕ್ಷೆ, ಅದೂ ತಾನೇ ವಿಧಿಸಿಕೊಂಡದ್ದು. ಚೀಟಿ ಎತ್ತಿದ ಕೋಣೆಗಳ ಬೀದಿಯಲ್ಲಿ ಹೋಗದೆ ಸುತ್ತು ಬಳಸಿ ಆಫೀಸಿಗೆ ಹೋಗುತ್ತಿದ್ದಳು. ಮನೆಯಲ್ಲಿ ಅತ್ತೆಗೆ ಟೀ ಕೊಡುವಾಗ, "ಸಕ್ಕರೆ ಹಾಕಲಾ?" ಎಂದು ಕೇಳಿ ನಿಲ್ಲಲು ಶುರು ಮಾಡಿದಳು. ಅತ್ತೆ ಮೊದಲ ದಿನ ಸಿಡಿಮಿಡಿಗೊಂಡು, "ಹಾಕಮ್ಮಾ, ನಿಂತಿದೀಯ ಯಾಕೆ" ಎಂದರು. ನಾಲ್ಕೈದು ದಿನದ ಮೇಲೆ ಒಂದು ಸಂಜೆ ಅವರು ಲೋಟವನ್ನೇ ನೋಡುತ್ತ ತಡೆದು, "ಇವತ್ತು ಅರ್ಧ ಚಮಚ ಸಾಕು. ನನಗೆ ಮೊದಲಿಂದಲೂ ಅರ್ಧ ಚಮಚವೇ ಇಷ್ಟ" ಎಂದರು. ಇಪ್ಪತ್ತು ವರ್ಷದಿಂದ ಅವಳು ಒಂದೂವರೆ ಚಮಚ ಹಾಕುತ್ತಿದ್ದಳು.

"ಮುಂಚೆ ಹೇಳಬಾರದಿತ್ತಾ ಅತ್ತೆ?"

"ನೀನು ಕೇಳ್ತಾ ಕೇಳ್ತಾನೇ ಹಾಕಿಬಿಡ್ತಿದ್ದೆಯಲ್ಲ. ಕೇಳೋದು ಬರೀ ಮರ್ಯಾದೆಗೆ ಅಂದ್ಕೊಂಡಿದ್ದೆ."

ಅದನ್ನು ಅವಳು ಯಾವ ವರದಿಯಲ್ಲೂ ಬರೆಯಲಿಲ್ಲ, ಒಬ್ಬ ಅತ್ತೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು. ಗಂಡನಿಗೆ ಮಾತ್ರ ಹೇಳಿದಳು. ಅವನು ಯೋಚಿಸಿ, "ನನ್ನನ್ನೂ ಏನಾದ್ರೂ ಕೇಳು ನೋಡೋಣ" ಎಂದ. ಅವಳು ಕೇಳಲಿಲ್ಲ, ಮೊದಲು ಏನನ್ನು ಕೇಳಬೇಕೆಂದು ತಾನು ಯೋಚಿಸಬೇಕು ಎಂದಳು. ಅವನು ನಗುತ್ತ ದೀಪ ಆರಿಸಿದ.

ತರಬೇತಿ ಮುಗಿಯಿತು. ನರ್ಸಮ್ಮ ಎಂಟೂ ಕೋಣೆಗಳಲ್ಲಿ ಕುಳಿತು, ಒಂದೊಂದರಲ್ಲೂ ನೂರು ಪ್ರಶ್ನೆ ಆಗುವವರೆಗೆ ಎಣಿಸಿ, ಕಾಗದ ತಂದುಕೊಟ್ಟರು. ಯಾವುದು ಯಾವ ಕೋಣೆ ಎಂದು ಚೀಟಿಗಳ ಜೊತೆ ಹೊಂದಿಸಿ ನೋಡಿದ ಮೇಲೆ ಮೂಲೆ ಅಕ್ಕ ಅಂದು ಆಫೀಸಿನಲ್ಲಿ ಯಾರಿಗೂ ಅದನ್ನು ಹೇಳಲಿಲ್ಲ. ನೆಲದ ಮೇಡಂ ಎರಡು ಸಲ ಫೋನ್ ಮಾಡಿದಳು. "ಸಭೆಯಲ್ಲಿ ಎಲ್ಲರಿಗೂ ಒಟ್ಟಿಗೆ ಹೇಳ್ತೀನಿ ಕಣೇ. ಅಲ್ಲಿ ತನಕ ಕೇಳಬೇಡ" ಎಂದಳು ಮೂಲೆ ಅಕ್ಕ. ಆ ಧ್ವನಿಯಿಂದ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ನೆಲದ ಮೇಡಂಗೆ ಆ ದಿನ ನಿದ್ದೆ ಹತ್ತಲಿಲ್ಲವಂತೆ.

ಸಭೆಯಲ್ಲಿ ನಿರ್ದೇಶಕರು ಕುಳಿತುಕೊಳ್ಳುವ ಮುಂಚೆಯೇ ಕೇಳಿದರು. "ಮೂವತ್ತು ಬಂತಾ?"

"ತರಬೇತಿ ಆಗದ ಕೋಣೆಗಳಲ್ಲಿ ಸರಾಸರಿ ಒಂಬತ್ತು ಸರ್. ಆದ ಕೋಣೆಗಳಲ್ಲಿ ಮೂವತ್ತಮೂರು ಮುಕ್ಕಾಲು."

ನೆಲದ ಮೇಡಂ ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ಗೊತ್ತಾಗದಂತೆ ಸದ್ದು ಮಾಡಿದಳು. ನರ್ಸಮ್ಮ ಮುಖದಲ್ಲಿ ಏನನ್ನೂ ತೋರಿಸದೆ ಅವಳ ಮುಂದೆ ನೀರಿನ ಲೋಟ ಸರಿಸಿದರು. ನಿರ್ದೇಶಕರು ನಿಜಕ್ಕೂ ಖುಷಿಯಾಗಿ, "ಸರಿ, ಎಲ್ಲ ಕೋಣೆಗೂ ಇದೇ. ಆ ದೊಡ್ಡ ಹಾಲ್ ಬುಕಿಂಗ್ ಕ್ಯಾನ್ಸಲ್ ಮಾಡಿ" ಎಂದು ಎದ್ದೇಬಿಟ್ಟರು.

"ಸರ್, ಇನ್ನೂ ಮುಗಿದಿಲ್ಲ."

"ಮತ್ತೇನು ಮೇಡಂ? ನೀವೇ ಹೇಳಿದ್ದು ಮೂವತ್ತು. ಅದಕ್ಕಿಂತ ಜಾಸ್ತಿ ಬಂದಿದೆ."

"ಮೂರು ಕೋಣೆಗಳಲ್ಲಿ ನಲವತ್ತೊಂದು, ಮೂವತ್ತೆಂಟು, ನಲವತ್ತನಾಲ್ಕು. ನಾಲ್ಕನೇ ಕೋಣೆ ಇದೆಯಲ್ಲ ಸರ್, ಅಲ್ಲಿ ಏನಾಯ್ತು ಅಂತ ನನಗೆ ಅರ್ಥವಾಗ್ತಿಲ್ಲ. ಅದೇ ಮೇಡಂ, ಅದೇ ಎಂಟು ವಾರ, ಅದೇ ಪಾಠ. ಆಯಾಗಳು ಒಳ್ಳೆಯವರು ಅಂತ ನರ್ಸಮ್ಮನೇ ಹೇಳ್ತಾರೆ."

"ಸರಾಸರಿ ಬಂತಲ್ಲ ಮೇಡಂ!"

"ಆ ಕೋಣೆಯ ಮಕ್ಕಳಿಗೆ ಬಂದಿಲ್ಲ ಸರ್."

ನೆಲದ ಮೇಡಂ ಮುಖದಿಂದ ಕೈ ತೆಗೆದಳು. ಈಗಷ್ಟೇ ಉಳಿದ ಕೆಲಸದ ಮೇಲೆ ಮತ್ತೆ ತಣ್ಣೀರು ಎರಚುತ್ತಿದ್ದೀರಲ್ಲ ಎಂದು ಕಣ್ಣಲ್ಲೇ ಕೇಳಿದಳು. ಮೂಲೆ ಅಕ್ಕ ಅವಳ ಕಡೆ ತಿರುಗಿ, "ನಾಳೆ ಇಬ್ಬರೂ ಹೋಗಿ ಕೂರೋಣ. ನೀನು ನೆಲದ ಮೇಲೆ, ನಾನು ಮೂಲೇಲಿ. ಮೂರು ದಿನ ಏನೂ ಬರೆಯೋದು ಬೇಡ" ಎಂದಳು. ಇಷ್ಟು ದಿನ ನೋಡದೆ ಇದ್ದ ಕಣ್ಣು ಹೊಳೆಯುತ್ತಿತ್ತು.

ಬಾಗಿಲ ತನಕ ಹೋಗಿದ್ದ ನಿರ್ದೇಶಕರು ಹಿಡಿಕೆಯ ಮೇಲೆ ಕೈಯಿಟ್ಟು ನಿಂತರು. "ಅಲ್ಲಿ ಎಷ್ಟು ಬಂತು?"

ಮೂಲೆ ಅಕ್ಕ ಕಾಗದ ನೋಡಲಿಲ್ಲ.

"ಹನ್ನೆರಡು."